ಥೆರಪಿ ನಡೆಯಿತು ಸರಿ, ಬರೆದಂತೆ ನಡೆಯಿತೇ?

ಪಾರ್ಶ್ವವಾಯುವಿನ ಬಳಿಕ ಮಾತು ತೊದಲುವವರನ್ನು ಕುಂಬಳೆ, ಬದಿಯಡ್ಕದ ಕಡೆಯಿಂದ ಸ್ಪೀಚ್ ಥೆರಪಿಗೆಂದು ಕಾಸರಗೋಡಿಗೋ ಮಂಗಳೂರಿಗೋ ಕರೆದೊಯ್ಯುತ್ತಾರೆ. ಎರಡು ತಿಂಗಳಲ್ಲಿ ಮಾತು ತಿಳಿಯಾಗದಿದ್ದರೆ ‘ಥೆರಪಿಯಿಂದ ಪ್ರಯೋಜನವಿಲ್ಲ’ ಎಂದು ಮನೆಯವರು ಕೈಬಿಡುತ್ತಾರೆ. ಸೋತದ್ದು ವಿಧಾನವೋ, ಅದನ್ನು ನಡೆಸಿದ ಬಗೆಯೋ? ಇದನ್ನು ಬಿಡಿಸಿ ನೋಡಲು ಬೇಕಾದದ್ದು ಫಿಡೆಲಿಟಿ, ಅಂದರೆ ಚಿಕಿತ್ಸೆ ಬರೆದಂತೆಯೇ ನಡೆಯಿತೇ ಎಂಬ ತಪಾಸಣೆ.

ಪ್ರಶ್ನೆ ಬಂದದ್ದು ಮನೋವಿಜ್ಞಾನದಿಂದ. ಚಿಕಿತ್ಸೆ ಯೋಜಿಸಿದಂತೆ ನಡೆಯಿತೇ ಎಂದು ನೋಡದೆ ಫಲಿತಾಂಶ ಅಳೆಯಬಾರದೆಂದು 1981ರಲ್ಲಿ ಯೀಟನ್, ಸೆಕ್ರೆಸ್ಟ್, 1991ರಲ್ಲಿ ಮಾಂಚರ್, ಪ್ರಿಂಜ್ ವಾದಿಸಿದರು. 2004ರಲ್ಲಿ ಅಮೆರಿಕದ ಸಂಶೋಧಕರ ಗುಂಪೊಂದು ಇದನ್ನು ಐದು ಭಾಗ ಮಾಡಿತು: ಯೋಜನೆ, ಥೆರಪಿಸ್ಟರ ತರಬೇತಿ, ನಡೆಸಿದ ರೀತಿ, ರೋಗಿಗೆ ಅರ್ಥವಾದದ್ದು, ಆತ ದಿನಬಳಕೆಗೆ ತಂದದ್ದು. ವಾಕ್ ಚಿಕಿತ್ಸೆಯಲ್ಲಿ 2010ರಲ್ಲಿ ಕಾಡೆರಾವೆಕ್ ಮತ್ತು ಜಸ್ಟಿಸ್ ಎಂಬ ಸಂಶೋಧಕರು ಇದೇ ಮಾತೆತ್ತಿದರು.

ಡಿಸಾರ್ತ್ರಿಯಾ (ಮಾತಿನ ಸ್ನಾಯುಗಳು ಹಿಡಿತ ತಪ್ಪಿ ಮಾತು ಅಸ್ಪಷ್ಟವಾಗುವುದು), ಅಪ್ರಾಕ್ಸಿಯಾ (ಸ್ನಾಯು ಸರಿಯಿದ್ದರೂ ಉಚ್ಚಾರದ ಚಲನೆಗಳನ್ನು ಮಿದುಳು ಹೊಂದಿಸಲಾಗದಿರುವುದು) ಇವುಗಳಲ್ಲಿ ಇದಕ್ಕೆ ಹೆಚ್ಚಿನ ತೂಕವಿದೆ, ಏಕೆಂದರೆ ಇಲ್ಲಿ ಎಷ್ಟು ಬಾರಿ, ಯಾವ ಕ್ರಮದಲ್ಲಿ ಹೇಳಿಸಿದಿರಿ ಎಂಬುದೇ ಮದ್ದಿನ ಪ್ರಮಾಣ. ಪಾರ್ಕಿನ್ಸನ್ ರೋಗಿಗಳಿಗೆ ದನಿ ಎತ್ತಿ ಮಾತಾಡಲು ಕಲಿಸುವ ‘ಎಲ್‌ಎಸ್‌ವಿಟಿ ಲೌಡ್’ ಎಂದರೆ ವಾರಕ್ಕೆ 4 ದಿನ, 4 ವಾರ, ದಿನಕ್ಕೆ ಒಂದು ಗಂಟೆ. ಮಕ್ಕಳ ಅಪ್ರಾಕ್ಸಿಯಾಕ್ಕೆ ಸಿಡ್ನಿಯಲ್ಲಿ ರೂಪುಗೊಂಡ ‘ರೆಸ್ಟ್’ (ReST) ಪದ್ಧತಿಯಲ್ಲಿ ಒಂದು ಸೆಷನ್ನಿಗೆ 100 ಸಲ ಹೇಳಿಸಬೇಕು. ಅಭ್ಯಾಸದ ಹಂತದಲ್ಲಿ ಸರಿ–ತಪ್ಪು ತಿಳಿಸುವುದು ಸುಮಾರು ಅರ್ಧದಷ್ಟು ಸಲ ಮಾತ್ರ, ಅದೂ ಮೂರರಿಂದ ಐದು ಸೆಕೆಂಡು ತಡೆದು.

ಅಳೆಯುವುದು ಹೀಗೆ. ಪ್ರತಿ ಸೆಷನ್ನಿನ ವಿಡಿಯೋ ಮಾಡಿ, ಶೇ. 20ರಷ್ಟನ್ನು ಚೀಟಿ ಎತ್ತಿ ಆರಿಸಿ, ಆ ಥೆರಪಿಯಲ್ಲಿ ಕೈಹಾಕದ ಇನ್ನೊಬ್ಬರು ಹಂತಪಟ್ಟಿ ಹಿಡಿದು ನೋಡುತ್ತಾರೆ. 20 ಹಂತಗಳಲ್ಲಿ 17 ಆಗಿದ್ದರೆ ಶೇ. 85. ಯಾವುದು ತಪಾಸಣೆಗೆ ಹೋಗುತ್ತದೆಂದು ಥೆರಪಿಸ್ಟರಿಗೆ ಗೊತ್ತಿರಬಾರದು. ಗೊತ್ತಿದ್ದರೆ ಆ ದಿನದ ಕೆಲಸ ತಾನಾಗಿ ಚೊಕ್ಕವಾಗುತ್ತದೆ. ಸ್ವತಃ ತುಂಬಿದ ಪಟ್ಟಿಗೂ ಅದೇ ರೋಗ.

ನನ್ನ ತಕರಾರು ಆ ಒಟ್ಟು ಅಂಕದ ಮೇಲೆ. ನಮಸ್ಕಾರ ಹೇಳಿದ್ದು, ಕಾರ್ಡು ತೋರಿಸಿದ್ದು ಎಲ್ಲವೂ ಅಂಕವಾಗಿ, ತಪ್ಪಿದ ಮೂರು ಹಂತಗಳು ಮಾತ್ರ ‘ತಡೆದು ಹೇಳು’, ‘ನೂರು ಪೂರೈಸು’, ‘ಸಹಾಯ ಕಡಿಮೆ ಮಾಡು’ ಆಗಿದ್ದರೆ? ಶೇ. 85 ಬಂದರೂ ಚಿಕಿತ್ಸೆ ನಡೆದಿಲ್ಲ. ಹೆಚ್ಚಾಗಿ ತಪ್ಪುವುದೂ ಇವೇ: ರೋಗಿ ತಡವರಿಸುವುದನ್ನು ಸುಮ್ಮನೆ ನೋಡಲಾಗದೆ ಬಾಯಿಗೆ ಶಬ್ದ ಇಟ್ಟುಬಿಡುತ್ತೇವೆ. ಮುಖ್ಯ ಹಂತಗಳನ್ನು ಬೇರೆಯಾಗಿಯೇ ಎಣಿಸಬೇಕು.

ಕಾಸರಗೋಡಿನಲ್ಲಿ ಇನ್ನೊಂದು ತೊಡಕಿದೆ. ‘ರೆಸ್ಟ್’ ಇಂಗ್ಲಿಷಿನ ಒತ್ತುಸ್ವರವನ್ನು, ಅಂದರೆ ಪದದ ಯಾವ ಭಾಗವನ್ನು ಒತ್ತಿ ಹೇಳಬೇಕೆಂಬುದನ್ನು, ಆಧರಿಸಿದ್ದು. ಕನ್ನಡದಲ್ಲಿ ಅರ್ಥ ಬದಲಿಸುವುದು ಬಿಡು–ಬೀಡುಗಳ ಹ್ರಸ್ವ–ದೀರ್ಘ. ಈ ಬದಲಾವಣೆಯನ್ನು ಮೊದಲೇ ಬರೆದಿಟ್ಟರೆ ಅದು ಹೊಂದಾಣಿಕೆ, ನಡುವೆ ತೋಚಿದಂತೆ ಮಾಡಿದರೆ ಜಾರಿಕೆ. ಥೆರಪಿಸ್ಟ್ ಮಲಯಾಳಂನಲ್ಲಿ ಹೇಳಿ, ಮನೆಯಲ್ಲಿ ತುಳುವೋ ಕನ್ನಡವೋ ನಡೆಯುವಾಗ, ಹಂತಪಟ್ಟಿ ತುಂಬಿದರೂ ರೋಗಿಗೆ ಸೂಚನೆ ಮುಟ್ಟಿರಲಿಕ್ಕಿಲ್ಲ. ಹಾಗಾಗಿ ಹೊರಡುವ ಮುನ್ನ ‘ಮನೆಯಲ್ಲಿ ಏನು ಮಾಡ್ತೀರಿ, ಒಮ್ಮೆ ಮಾಡಿ ತೋರಿಸಿ’ ಎಂದು ಕೇಳಬೇಕು. ಮನೆ ಅಭ್ಯಾಸಕ್ಕೆ ಡೈರಿಯ ಟಿಕ್ ಸಾಲದು. ಮೊಬೈಲಿನಲ್ಲಿ ಒಂದೆರಡು ನಿಮಿಷದ ರೆಕಾರ್ಡಿಂಗ್ ತರಿಸಿಕೊಂಡು, ಎಷ್ಟು ಸಲ ಹೇಳಿದರು, ಯಾರು ಹೇಳಿಕೊಟ್ಟರು ಎಂದು ಎಣಿಸಬೇಕು.