ಬ್ರೇಕ್ ಪ್ಯಾಡ್ ನಾವೇ ಹಾಕಿಕೊಳ್ಳೋದಾ, ಡೀಲರ್‌ಗೇ ಕೊಡೋದಾ?

ಪ್ರಶ್ನೆ: ನನ್ನದು ಏಳು ವರ್ಷ ಹಳೆಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮುಂದೆ ಡಿಸ್ಕ್, ಹಿಂದೆ ಡ್ರಮ್. ಸರ್ವೀಸ್‌ಗೆ ಬಿಟ್ಟಾಗ ಮುಂದಿನ ಪ್ಯಾಡ್ ಜೊತೆ ಡಿಸ್ಕ್ ಕೂಡ ಬದಲಿಸಬೇಕು ಎಂದು ದೊಡ್ಡ ಎಸ್ಟಿಮೇಟ್ ಕೊಟ್ಟಿದ್ದಾರೆ. ಪ್ಯಾಡ್ ಮನೆಯಲ್ಲೇ ಹಾಕಬಹುದು ಅಂತ ಗೆಳೆಯರು ಹೇಳುತ್ತಾರೆ. ಬ್ರೇಕ್ ವಿಷಯ, ಹೆದರಿಕೆ. ಏನು ಮಾಡಲಿ?

ಉತ್ತರ: ಎಸ್ಟಿಮೇಟ್‌ನಲ್ಲಿ ಲೇಬರ್ ಎಷ್ಟು ಹಾಕಿದ್ದಾರೆ ಅನ್ನುವುದನ್ನು ಮೊದಲು ನೋಡಿ. ಮುಂದಿನ ಎರಡು ಚಕ್ರದ ಪ್ಯಾಡ್ ಬದಲಿಸುವ ಕೂಲಿ ನಮ್ಮಲ್ಲಿ ಸಾಮಾನ್ಯವಾಗಿ ಕೆಲವು ನೂರು ರೂಪಾಯಿ ಅಷ್ಟೇ. ಅಮೆರಿಕದ ಡೀಲರ್ ಗಂಟೆಗೆ ನೂರು ಡಾಲರಿಗೂ ಮೇಲೆ ಕೂಲಿ ಹಾಕುತ್ತಾನೆ, ಹಾಗಾಗಿ ಅಲ್ಲಿರುವವರಿಗೆ ಈ ಕೆಲಸ ತಾವೇ ಮಾಡಿಕೊಂಡರೆ ಲಾಭ. ಇಲ್ಲಿ ಒಂದು ಜೊತೆ ಜಾಕ್ ಸ್ಟ್ಯಾಂಡ್, ಟಾರ್ಕ್ ರೆಂಚ್ (ನಟ್ ಎಷ್ಟು ಬಿಗಿಯಾಯಿತೆಂದು ಅಳೆಯುವ ಸ್ಪ್ಯಾನರ್), ಸಿ-ಕ್ಲ್ಯಾಂಪ್ ಕೊಳ್ಳುವ ಹೊತ್ತಿಗೆ ಉಳಿಸಿದ ಕೂಲಿಯೆಲ್ಲ ಖಾಲಿ. ನಿಮ್ಮ ದುಡ್ಡು ಉಳಿಯುವುದು ಬೇಡದ ಡಿಸ್ಕ್ ಹಾಕಿಸದೇ ಇದ್ದರೆ. ಆದ್ದರಿಂದ ಪ್ಯಾಡ್ ಯಾರಾದರೂ ಹಾಕಲಿ, ಅಳತೆ ಮಾತ್ರ ನೀವೇ ತೆಗೆಯಿರಿ.

ಚಕ್ರ ಬಿಚ್ಚಿದರೆ, ಪ್ಯಾಡ್‌ಗಳನ್ನು ಡಿಸ್ಕ್‌ಗೆ ಒತ್ತುವ ಕ್ಯಾಲಿಪರ್‌ನ ಸಂದಿಯಲ್ಲಿ ಪ್ಯಾಡ್ ಕಾಣುತ್ತದೆ. ಹಿಂದಿನ ಕಬ್ಬಿಣದ ಪಟ್ಟಿ ಬಿಟ್ಟು, ಡಿಸ್ಕ್‌ಗೆ ಉಜ್ಜುವ ಪದರವನ್ನಷ್ಟೇ ಅಳೆಯಿರಿ. ಹೊಸದರಲ್ಲಿ ಅದು ಸುಮಾರು 10 ಮಿ.ಮೀ. ಇರುತ್ತದೆ. 3 ಮಿ.ಮೀ.ಗೆ ಇಳಿದಿದ್ದರೆ ಬದಲಿಸಿ. 5 ಇದ್ದರೆ ಊರೊಳಗೆ ಓಡಾಡಲು ಇನ್ನೂ ಸಾಕು. ಆದರೆ 4ರ ಆಸುಪಾಸಿನ ಪ್ಯಾಡ್ ಇಟ್ಟುಕೊಂಡು ಚಾರ್ಮಾಡಿಯನ್ನೋ ಆಗುಂಬೆಯನ್ನೋ ತುಂಬಿದ ಕಾರಿನಲ್ಲಿ ಇಳಿಯುವುದು ಬೇಡ. ಹೊರಗಿನ ಪ್ಯಾಡ್ ನೋಡಿ ಸಮಾಧಾನಪಡಬೇಡಿ, ಒಳಗಿನದನ್ನೂ ಟಾರ್ಚ್ ಹಾಕಿ ನೋಡಿ. ಒಳಗಿನದು ಮಾತ್ರ ಹೆಚ್ಚು ಸವೆದಿದ್ದರೆ ಕ್ಯಾಲಿಪರ್ ಆಚೀಚೆ ಜಾರುವ ಸ್ಲೈಡ್ ಪಿನ್ ಹಿಡಿದುಕೊಂಡಿದೆ, ಇಲ್ಲವೇ ಪ್ಯಾಡನ್ನು ಒತ್ತುವ ಪಿಸ್ಟನ್ ಸರಿಯಾಗಿ ಹಿಂದಕ್ಕೆ ಸರಿಯುತ್ತಿಲ್ಲ. ಕರಾವಳಿಯ ಮಳೆ, ಉಪ್ಪುಗಾಳಿಗೆ ಸಿಕ್ಕ ಕಾರುಗಳಲ್ಲಿ ಪಿನ್ ಹಿಡಿಯುವುದು ಮಾಮೂಲು. ಅದನ್ನು ಸರಿಪಡಿಸದೆ ಹೊಸ ಪ್ಯಾಡ್ ಹಾಕಿದರೆ ಅದೂ ಹಾಗೆಯೇ ಸವೆಯುತ್ತದೆ.

ಡಿಸ್ಕ್ ಎಷ್ಟು ತೆಳುವಾದರೆ ಎಸೆಯಬೇಕು ಅನ್ನುವುದನ್ನು ಸಾಮಾನ್ಯವಾಗಿ ಡಿಸ್ಕ್ ಮೇಲೆಯೇ ಒತ್ತಿರುತ್ತಾರೆ. ಅಂಚಿನಲ್ಲೋ ನಡುವಿನ ಟೊಪ್ಪಿಯಂಥ ಭಾಗದಲ್ಲೋ ‘ಮಿನ್’ ಎಂಬ ಇಂಗ್ಲಿಷ್ ಅಕ್ಷರಗಳ ಪಕ್ಕದ ಅಂಕಿ ಅದು. ಅಳೆಯುವಾಗ ಒಂದು ಮೋಸವಿದೆ. ಪ್ಯಾಡ್ ತಾಗದ ಹೊರ ಅಂಚು ಸವೆಯದೆ ಏಣಿನಂತೆ ಎದ್ದಿರುತ್ತದೆ. ದಪ್ಪ ಅಳೆಯುವ ವರ್ನಿಯರ್‌ನ ದವಡೆ ಅದರ ಮೇಲೆ ಕೂತು ದಪ್ಪವನ್ನು ಹೆಚ್ಚಾಗಿ ತೋರಿಸುತ್ತದೆ. ಅದಕ್ಕೇ ಡಿಸ್ಕ್‌ನ ಎರಡೂ ಬದಿಗೆ ಒಂದೊಂದು ನಾಣ್ಯ ಇಟ್ಟು ಅಳೆದು, ಆಮೇಲೆ ನಾಣ್ಯಗಳ ದಪ್ಪ ಕಳೆಯಿರಿ. ಸುತ್ತ ನಾಲ್ಕೈದು ಜಾಗದಲ್ಲಿ ನೋಡಿ. ಎಲ್ಲ ಕಡೆಯೂ ಕನಿಷ್ಠಕ್ಕಿಂತ ಹೆಚ್ಚಿದ್ದು, ಬಿರುಕಾಗಲಿ ಆಳವಾದ ಗೀರಾಗಲಿ ಇಲ್ಲದಿದ್ದರೆ ಡಿಸ್ಕ್ ಬದಲಿಸುವ ಕಾರಣವಿಲ್ಲ. ಅಂಚು ಎದ್ದಿದೆ, ಮೇಲೆ ತುಕ್ಕಿದೆ ಅನ್ನುವುದೊಂದೇ ಸಾಲದು. ಬ್ರೇಕ್ ಒತ್ತಿದಾಗ ಸ್ಟೀರಿಂಗ್ ನಡುಗುತ್ತಿದ್ದರೆ ಮಾತು ಬೇರೆ. ಡಿಸ್ಕ್ ಏರುಪೇರಾಗಿರಬಹುದು, ಲೇತ್‌ನಲ್ಲಿ ಸಮ ಮಾಡಿಸಬೇಕು. ಸಮ ಮಾಡಿದ ಮೇಲೆಯೂ ದಪ್ಪ ಕನಿಷ್ಠಕ್ಕಿಂತ ಹೆಚ್ಚು ಉಳಿಯುವಂತಿದ್ದರೆ ಮಾತ್ರ ಅದು ಸಾಧ್ಯ.

ಇನ್ನು ಕೆಲಸ. ಸ್ಟೆಪ್ನಿ ಬದಲಿಸುವಷ್ಟು ಕೈ ಪಳಗಿದ್ದರೆ, ಸಮತಟ್ಟಾದ ಗಟ್ಟಿ ನೆಲವಿದ್ದರೆ, ಅರ್ಧ ದಿನ ಬಿಡುವಿದ್ದರೆ ಮುಂದಿನ ಪ್ಯಾಡ್ ಮನೆಯಲ್ಲಿ ಹಾಕಬಹುದು. ಹ್ಯಾಂಡ್‌ಬ್ರೇಕ್ ಎಳೆದು ಹಿಂದಿನ ಚಕ್ರಗಳಿಗೆ ಕಲ್ಲು ಕೊಡಿ. ವೀಲ್ ನಟ್‌ಗಳನ್ನು ಚಕ್ರ ನೆಲದ ಮೇಲಿರುವಾಗಲೇ ಸಡಿಲಿಸಿ (ಹೆಚ್ಚಿನ ಮಾರುತಿಗಳಿಗೆ 19ರ ಸ್ಪ್ಯಾನರ್, ಹ್ಯುಂಡೈಗಳಿಗೆ 21ರದು). ಕಾರಿನ ಜೊತೆ ಬರುವ ಜಾಕ್ ಎತ್ತುವುದಕ್ಕೆ ಮಾತ್ರ, ಕಾರನ್ನು ಹೊತ್ತು ನಿಲ್ಲಲು ಸ್ಟ್ಯಾಂಡ್ ಬೇಕು. ಬಿಚ್ಚಿದ ಚಕ್ರವನ್ನೂ ಬಾಡಿಯ ಕೆಳಗೆ ತಳ್ಳಿಡಿ.

ಕ್ಯಾಲಿಪರ್‌ನ ಕೆಳಗಿನ ಬೋಲ್ಟ್ (ಸಣ್ಣ ಕಾರುಗಳಲ್ಲಿ ಹೆಚ್ಚಾಗಿ 12 ಅಥವಾ 14) ಬಿಚ್ಚಿದರೆ ಬಹುತೇಕ ಕಾರುಗಳಲ್ಲಿ ಅದು ಮೇಲಕ್ಕೆ ಮಗುಚಿಕೊಳ್ಳುತ್ತದೆ. ಪೂರ್ತಿ ಕಳಚಬೇಕಾಗಿ ಬಂದರೆ ತಂತಿಯಿಂದ ಸ್ಪ್ರಿಂಗ್‌ಗೆ ಕಟ್ಟಿ. ರಬ್ಬರ್ ಹೋಸ್ ಮೇಲೆ ಜೋತು ಬಿಟ್ಟರೆ ಹೋಸ್ ಒಳಗೊಳಗೇ ಹರಿಯುತ್ತದೆ. ಪ್ಯಾಡ್ ಯಾವ ಕಡೆ ಯಾವುದು ಇತ್ತೆಂದು ಫೋಟೋ ತೆಗೆದಿಡಿ. ಸವೆದಾಗ ಕಿರುಗುಟ್ಟುವ ತಗಡಿನ ನಾಲಿಗೆ ಸಾಮಾನ್ಯವಾಗಿ ಒಳಗಿನ ಪ್ಯಾಡ್‌ನಲ್ಲಿರುತ್ತದೆ. ದೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಬ್ರೇಕ್ ಕ್ಲೀನರ್ ಹಾಕಿ ಒರೆಸಿ.

ಪಿಸ್ಟನ್ ಒಳಗೆ ತಳ್ಳುವ ಮುನ್ನ ಬಾನೆಟ್ ತೆರೆದು ಬ್ರೇಕ್ ಆಯಿಲ್ ಡಬ್ಬಿ ನೋಡಿ. ಪ್ಯಾಡ್ ಸವೆದಂತೆ ಆಯಿಲ್ ಮಟ್ಟ ತಾನಾಗಿ ಇಳಿಯುತ್ತದೆ. ಇಳಿದಿದೆಯೆಂದು ನಡುವೆ ಯಾರಾದರೂ ತುಂಬಿಸಿದ್ದರೆ, ಪಿಸ್ಟನ್ ತಳ್ಳಿದಾಗ ಅದು ಉಕ್ಕಿ ಬಾಡಿಯ ಬಣ್ಣವನ್ನು ತಿನ್ನುತ್ತದೆ. ಹೆಚ್ಚಿದ್ದರೆ ಸಿರಿಂಜ್‌ನಲ್ಲಿ ಮೊದಲೇ ತೆಗೆಯಿರಿ. ಆಮೇಲೆ ಹಳೆಯ ಪ್ಯಾಡ್ ಅಡ್ಡ ಇಟ್ಟು ಸಿ-ಕ್ಲ್ಯಾಂಪ್‌ನಿಂದ ನಿಧಾನ ಒತ್ತಿ.

ಎಲ್ಲರೂ ಮಾಡದೆ ಹಾರಿಸುವುದು ಈಗ ಹೇಳುವ ಹಂತವನ್ನೇ. ಆತುರದ ವರ್ಕ್‌ಶಾಪ್‌ನಲ್ಲೂ ಅಷ್ಟೆ. ಸ್ಲೈಡ್ ಪಿನ್‌ಗಳನ್ನು ಹೊರಗೆಳೆದು ಒರೆಸಿ, ಬ್ರೇಕ್‌ಗೆಂದೇ ಸಿಗುವ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ. ಮಾಮೂಲಿ ಚಾಸಿ ಗ್ರೀಸ್ ಹಾಕಿದರೆ ರಬ್ಬರ್ ಉಬ್ಬಿ ಪಿನ್ ಮತ್ತೆ ಹಿಡಿಯುತ್ತದೆ. ಪ್ಯಾಡ್‌ನ ಕಿವಿ ಕೂರುವ ಕ್ಲಿಪ್ ತೆಗೆದು ಕೆಳಗಿನ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ. ಹೊಸ ಪ್ಯಾಡ್ ಬೆರಳಲ್ಲಿ ಸರಿಸಿದರೆ ಸರಿಯಬೇಕು. ಸುತ್ತಿಗೆ ಬೇಕಾದರೆ ಏನೋ ತಪ್ಪಿದೆ. ಉಜ್ಜುವ ಪದರ ಡಿಸ್ಕ್ ಕಡೆಗೇ ಇದೆಯೇ ಎಂದು ಇನ್ನೊಮ್ಮೆ ನೋಡಿ. ನಗಬೇಡಿ, ತಿರುಗುಮುರುಗು ಹಾಕಿದವರಿದ್ದಾರೆ. ಒಂದೇ ಚಕ್ರಕ್ಕೆ ಹಾಕಿ ನಿಲ್ಲಿಸಬೇಡಿ, ಕಾರು ಒಂದು ಕಡೆ ಎಳೆಯುತ್ತದೆ. ಬೋಲ್ಟ್, ನಟ್‌ಗಳಿಗೆ ಮ್ಯಾನ್ಯುಯಲ್‌ನಲ್ಲಿರುವ ಟಾರ್ಕ್ ಕೊಡಿ.

ಗಾಡಿ ಸ್ಟಾರ್ಟ್ ಮಾಡುವ ಮುಂಚೆ ಪೆಡಲ್ ಗಟ್ಟಿಯಾಗುವ ತನಕ ತುಳಿಯಿರಿ. ಮೊದಲ ತುಳಿತಗಳಲ್ಲಿ ಅದು ನೆಲ ಮುಟ್ಟುತ್ತದೆ, ಪಿಸ್ಟನ್ ಹಿಂದೆ ಸರಿದಿರುವುದರಿಂದ. ಇದನ್ನು ಮರೆತು ರಿವರ್ಸ್ ಹಾಕಿದರೆ ಗೇಟ್ ಮುರಿಯುತ್ತದೆ. ಆಮೇಲೆ ಹೊಸ ಪ್ಯಾಡ್ ಡಿಸ್ಕ್‌ಗೆ ಹೊಂದಿಕೊಳ್ಳಲು ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 10ಕ್ಕೆ, ಪೂರ್ತಿ ನಿಲ್ಲಿಸದೆ, ಸುಮಾರು ಹತ್ತು ಸಲ ಹದವಾಗಿ ಬ್ರೇಕ್ ಹಾಕಿ. ನಡುನಡುವೆ ತಣಿಯಲು ಬಿಡಿ.

ಹಿಂದಿನ ಡ್ರಮ್‌ನ ಲೈನರ್‌ಗೆ ಮೊದಲ ಸಲವೇ ಕೈ ಹಾಕಬೇಡಿ, ಸ್ಪ್ರಿಂಗ್, ಅಡ್ಜಸ್ಟರ್‌ಗಳ ಜೋಡಣೆ ತಪ್ಪುವುದು ಸುಲಭ. ಹಿಂದೆಯೂ ಡಿಸ್ಕ್ ಇರುವ ಕಾರುಗಳಲ್ಲಿ ಹ್ಯಾಂಡ್‌ಬ್ರೇಕ್ ಕ್ಯಾಲಿಪರ್‌ಗೇ ಸೇರಿದ್ದರೆ ಪಿಸ್ಟನ್ ಅನ್ನು ತಿರುಗಿಸುತ್ತಾ ಒತ್ತಬೇಕು, ಬರೀ ಒತ್ತಿದರೆ ಒಳಗೆ ಮುರಿಯುತ್ತದೆ. ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ ಅದನ್ನು ಸರ್ವೀಸ್ ಮೋಡ್‌ಗೆ ಹಾಕಲು ಸಾಮಾನ್ಯವಾಗಿ ಕಾರಿನ ಕಂಪ್ಯೂಟರ್‌ಗೆ ಜೋಡಿಸುವ ಸ್ಕ್ಯಾನರ್ ಬೇಕು. ಬ್ರೇಕ್ ಆಯಿಲ್ ಬದಲಿಸುವಾಗ ಎಬಿಎಸ್ ಯೂನಿಟ್‌ಗೆ ಗಾಳಿ ಸೇರಿದರೂ ಹಲವು ಕಾರುಗಳಲ್ಲಿ ಸ್ಕ್ಯಾನರ್ ಇಲ್ಲದೆ ಅದು ಹೊರಬರುವುದಿಲ್ಲ. ಇವೆಲ್ಲ ವರ್ಕ್‌ಶಾಪ್ ಕೆಲಸ.

ಆಯಿಲ್ ಕೆಲಸಕ್ಕೆ ಬಿಡುವಾಗ ಡಬ್ಬಿಯ ಮುಚ್ಚಳದ ಮೇಲಿರುವ ದರ್ಜೆಯನ್ನೇ ಕೇಳಿ, ಡಾಟ್ 3 ಅಥವಾ ಡಾಟ್ 4. ಸಿಲಿಕೋನ್‌ನ ಡಾಟ್ 5 ಇವುಗಳ ಜೊತೆ ಬೆರೆಯಬಾರದು. ಡಾಟ್ 3, ಡಾಟ್ 4 ಎರಡೂ ಗಾಳಿಯ ತೇವ ಹೀರುತ್ತವೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು, ತೇವ ಹೀರಿದ್ದಕ್ಕೆ ಆ ಮಿತಿ 155. ಘಟ್ಟ ಇಳಿಯುವಾಗ ಪೆಡಲ್ ಮೆತ್ತಗಾಗುವುದಕ್ಕೆ ಇದೊಂದು ಕಾರಣ. ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಿಸುತ್ತಾರೆ.

ನಿಮ್ಮ ವಿಷಯಕ್ಕೆ ಬಂದರೆ, ಡಿಸ್ಕ್ ಅಳತೆ ಸರಿಯಿದ್ದರೆ ಕಂಪನಿ ಪ್ಯಾಡನ್ನೋ ಒಳ್ಳೆಯ ಬ್ರ್ಯಾಂಡಿನದನ್ನೋ ನಂಬಿಕೆಯ ಅಂಗಡಿಯಲ್ಲಿ ಬಿಲ್ ಸಮೇತ ಕೊಂಡು, ಪರಿಚಯದ ಗ್ಯಾರೇಜಿನಲ್ಲಿ ಎದುರಿಗೆ ನಿಂತು ಹಾಕಿಸಿ. ಕೈಕೆಲಸದ ಆಸೆಯಿದ್ದರೆ ನೀವೇ ಹಾಕಿ. ವಾರಂಟಿ ಇದ್ದಿದ್ದರೂ ಸವೆದ ಪ್ಯಾಡ್ ಸಾಮಾನ್ಯವಾಗಿ ಅದರಲ್ಲಿ ಬರುತ್ತಿರಲಿಲ್ಲ. ಡೀಲರ್ ಬಳಿಯೇ ಮಾಡಿಸುವುದಾದರೆ ನಾಲ್ಕೂ ಪ್ಯಾಡ್ ಮತ್ತು ಎರಡೂ ಡಿಸ್ಕ್‌ನ ಅಳತೆಯನ್ನು ಮಿ.ಮೀ.ನಲ್ಲಿ ಜಾಬ್ ಕಾರ್ಡ್ ಮೇಲೆ ಬರೆಸಿಕೊಳ್ಳಿ, ತೆಗೆದ ಹಳೆಯ ಭಾಗಗಳನ್ನು ಡಿಕ್ಕಿಯಲ್ಲಿ ಹಾಕಿ ಕೊಡಲು ಹೇಳಿ.