ಪ್ರಯೋಗದ ಹಂತದ ತೂಕ ಇಳಿಸುವ ಔಷಧ: ‘ಅಡ್ಡ ಪರಿಣಾಮ’ ಅಂದರೆ ಏನು?

ಔಷಧ ತನ್ನ ಕೆಲಸದ ಜೊತೆಗೆ ದೇಹದಲ್ಲಿ ಮಾಡುವ ಬೇರೆ ಬದಲಾವಣೆಗಳೇ ಅಡ್ಡ ಪರಿಣಾಮ. ಅನುಮತಿ ಪಡೆದ ಔಷಧವಾದರೆ ಇವುಗಳ ಪಟ್ಟಿ ಡಬ್ಬಿಯೊಳಗಿನ ಚೀಟಿಯಲ್ಲೇ ಇರುತ್ತದೆ. ಪ್ರಯೋಗದ ಹಂತದ ಔಷಧಕ್ಕೆ ಆ ಪಟ್ಟಿ ಇನ್ನೂ ತಯಾರಾಗುತ್ತಿರುತ್ತದೆ. ಎಷ್ಟು ಜನರನ್ನು, ಎಷ್ಟು ಕಾಲ ನೋಡಿದ್ದಾರೋ ಅಷ್ಟೇ ಗೊತ್ತಿರುತ್ತದೆ.

ರೆಟಾಟ್ರುಟೈಡ್ ಎಂಬ ಚುಚ್ಚುಮದ್ದನ್ನೇ ನೋಡಿ. 2023ರಲ್ಲಿ ಪ್ರಕಟವಾದ ಅದರ ಎರಡನೇ ಹಂತದ ಪ್ರಯೋಗದಲ್ಲಿ ಇದ್ದವರು 338 ಜನ, ಅವಧಿ 48 ವಾರ. 12 ಮಿಲಿಗ್ರಾಂ ಪಡೆದವರ ತೂಕ ಸರಾಸರಿ ಶೇ 24ರಷ್ಟು ಇಳಿಯಿತು. ಸುದ್ದಿಯಾದದ್ದು ಇದೇ. ಆದರೆ ವಾಕರಿಕೆ, ವಾಂತಿ, ಭೇದಿಯೂ ಕಂಡವು. ಡೋಸ್ ಏರಿದಷ್ಟೂ ಜಾಸ್ತಿ. ಸಣ್ಣ ಡೋಸ್‌ನಿಂದ ಶುರು ಮಾಡಿದವರಿಗೆ ಈ ಕಾಟ ಸ್ವಲ್ಪ ಕಡಿಮೆ ಇತ್ತು. ಹೃದಯ ಬಡಿತವೂ ಏರಿ, 24ನೇ ವಾರದ ನಂತರ ಇಳಿಯತೊಡಗಿತು.

ಇಷ್ಟು ಜನರಲ್ಲಿ ಕಾಣದ ತೊಂದರೆ ಮುಂದೆಯೂ ಬರುವುದಿಲ್ಲ ಅಂತ ಹೇಳೋಕಾಗಲ್ಲ. 300 ಜನರಲ್ಲಿ ಒಬ್ಬರಿಗೂ ಆಗದ ತೊಂದರೆ, ನೂರಕ್ಕೆ ಒಬ್ಬರಿಗೆ ಆಗುವಂಥದ್ದೇ ಆಗಿರಬಹುದು. ಅದಕ್ಕೇ ಮೂರನೇ ಹಂತಕ್ಕೆ ಸಾವಿರಾರು ಜನ ಬೇಕು. ಕೆಲವು ಸಲ ಅದೂ ಸಾಲದು. ರಿಮೊನಬಂಟ್ ಎಂಬ ತೂಕ ಇಳಿಸುವ ಮಾತ್ರೆಗೆ ಯುರೋಪಿನಲ್ಲಿ 2006ರಲ್ಲಿ ಅನುಮತಿ ಸಿಕ್ಕಿತ್ತು. ಖಿನ್ನತೆ, ಆತ್ಮಹತ್ಯೆಯ ಯೋಚನೆಯ ಅಪಾಯದಿಂದಾಗಿ 2008ರಲ್ಲಿ ಅದನ್ನು ನಿಲ್ಲಿಸಬೇಕಾಯಿತು.

ಪ್ರಯೋಗದಲ್ಲಿ ಶೀತ, ತಲೆನೋವು, ಬಿದ್ದು ಕಾಲು ಉಳುಕಿದ್ದು ಎಲ್ಲವನ್ನೂ ಬರೆದುಕೊಳ್ಳುತ್ತಾರೆ. ಆಮೇಲೆ, ಔಷಧವೇ ಇಲ್ಲದ ಚುಚ್ಚುಮದ್ದು ಪಡೆದವರ ಜೊತೆ ಹೋಲಿಸುತ್ತಾರೆ. ಹಾಗಾಗಿ ಪ್ರಯೋಗದಲ್ಲಿ ಇರುವವರು ‘ಇದು ಔಷಧದಿಂದ ಆಗಿದ್ದಲ್ಲ ಬಿಡು’ ಅಂತ ತಾವೇ ತೀರ್ಮಾನಿಸಬಾರದು. ಮನಸ್ಸು ಕುಗ್ಗಿದ್ದರೂ ಹೇಳಬೇಕು. ಬೆನ್ನಿಗೂ ಹರಡುವ ಜೋರು ಹೊಟ್ಟೆನೋವು, ನೀರೂ ನಿಲ್ಲದ ವಾಂತಿ, ಕಣ್ಣು ಹಳದಿಯಾಗುವುದು, ಎದೆನೋವು ಕಂಡರೆ ಮುಂದಿನ ಭೇಟಿಯವರೆಗೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

‘ಸಂಶೋಧನೆಗೆ ಮಾತ್ರ’ ಅಂತ ಬರೆದ, ಇಂಥ ಔಷಧದ ಶೀಶೆಗಳೂ ಇಂಟರ್‌ನೆಟ್‌ನಲ್ಲಿ ಸಿಗುತ್ತವೆ. ದಯವಿಟ್ಟು ಕೊಳ್ಳಬೇಡಿ. ಒಳಗೆ ಏನಿದೆ, ಎಷ್ಟಿದೆ ಅನ್ನೋದಕ್ಕೆ ಖಾತ್ರಿ ಇಲ್ಲ. ಏನಾದರೂ ಆದರೆ ನೋಡುವವರೂ ಇಲ್ಲ. ಈಗಾಗಲೇ ಚುಚ್ಚಿಕೊಂಡಿದ್ದರೆ ಮುಚ್ಚಿಡಬೇಡಿ. ಶೀಶೆ, ಡೋಸ್, ದಿನಾಂಕದ ಜೊತೆ ಡಾಕ್ಟರ್ ಬಳಿ ಹೋಗಿ. ಮಧುಮೇಹಕ್ಕೆ ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನು ಮೊದಲು ಹೇಳಿ, ಯಾಕೆಂದರೆ ಎರಡೂ ಸೇರಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು.