ಯಹೂದಿ ಹಬ್ಬದೂಟಕ್ಕೆ ಮೊದಲೇ ಮಾಡಿಡುವ ಫ್ರೀಜರ್ ಸಿಹಿ

ಕೋಷರ್, ಅಂದರೆ ಯಹೂದಿ ಆಹಾರನಿಯಮ ಪಾಲಿಸುವ ಅಡುಗೆಮನೆಯಲ್ಲಿ ಸಿಹಿ ತಯಾರಿಸುವವರು ಎರಡು ಕಟ್ಟಳೆಗಳಿಗೆ ಬದ್ಧರಾಗಿರಬೇಕು. ಮಾಂಸದೂಟದ ಜೊತೆಗಾಗಲಿ ಅದರ ಬೆನ್ನಿಗಾಗಲಿ ಹಾಲಿನ ಪದಾರ್ಥ ಬಡಿಸುವಂತಿಲ್ಲ. ಅನೇಕ ಮನೆಗಳಲ್ಲಿ ನಡುವೆ 6 ಗಂಟೆ, ಕೆಲವೆಡೆ 3 ಗಂಟೆ ಕಾಯುವ ಪದ್ಧತಿಯಿದೆ. ಇನ್ನು, ಶುಕ್ರವಾರದ ಸೂರ್ಯಾಸ್ತದಿಂದ ಶನಿವಾರ ರಾತ್ರಿಯವರೆಗಿನ ವಾರದ ವಿಶ್ರಾಂತಿ ದಿನವಾದ ಶಬ್ಬಾತ್‌ನಲ್ಲಿ ಒಲೆ ಹೊತ್ತಿಸುವುದಿರಲಿ, ಹಣ್ಣು ಹಿಂಡಿ ರಸ ತೆಗೆಯುವುದೂ ನಿಷಿದ್ಧ. ಹಬ್ಬದ ಊಟ ಬಹುಮಟ್ಟಿಗೆ ಮಾಂಸದ್ದೇ ಆಗಿರುವುದರಿಂದ, ಕೊನೆಯಲ್ಲಿ ಬರುವ ಸಿಹಿಯು ಹಾಲಿನದೂ ಅಲ್ಲದ ಮಾಂಸದ್ದೂ ಅಲ್ಲದ ‘ಪಾರ್ವೆ’ ವರ್ಗಕ್ಕೆ ಸೇರಿರಬೇಕು ಮತ್ತು ಅದರ ಕೆಲಸವೆಲ್ಲ ಮುಂಚಿತವಾಗಿಯೇ ಮುಗಿದಿರಬೇಕು.

ಇದಕ್ಕೆ ಸುಲಭದ ದಾರಿಯೆಂದು ಹಲವರು ವನಸ್ಪತಿ ಕೊಬ್ಬಿನ ಕೃತಕ ಕೆನೆಯನ್ನು ನೊರೆಯೆಬ್ಬಿಸಿ ಹೆಪ್ಪುಗಟ್ಟಿಸುತ್ತಾರೆ. ಅದು ನೋಡಲು ಚೆನ್ನಾಗಿದ್ದರೂ ಅಂಗುಳಿಗೆ ಅಂಟುತ್ತದೆ, ರುಚಿಯೂ ಸಪ್ಪೆ. ಮೊಟ್ಟೆ ಮತ್ತು ತೆಂಗಿನಹಾಲು ಇರುವಾಗ ಅದರ ಅಗತ್ಯವಿಲ್ಲ ಎಂಬುದು ನನ್ನ ದೃಢ ಅಭಿಪ್ರಾಯ. ಕೊಂಕಣ ತೀರದ ಬೆನೆ ಇಸ್ರೇಲ್ ಯಹೂದಿಗಳು ತಮ್ಮ ಹೊಸ ವರ್ಷವಾದ ರೋಶ್ ಹಶಾನಾಕ್ಕೆ ಗೋಧಿಹಾಲು ಮತ್ತು ತೆಂಗಿನಹಾಲು ಬೆರೆಸಿ ಹಲ್ವಾ ಕಾಯಿಸುವುದನ್ನು ಬಲ್ಲವರಿಗೆ ಇದು ಹೊಸ ಮಾತೇನಲ್ಲ.

ನಾನು ಹೆಚ್ಚಾಗಿ ಮಾಡುವುದು ಸೆಮಿಫ್ರೆಡೋ, ಅಂದರೆ ಯಂತ್ರದಲ್ಲಿ ಕಡೆಯದೆಯೇ ಮೃದುವಾಗಿ ಉಳಿಯುವ ಐಸ್‌ಕ್ರೀಮಿನ ಬಗೆ. ಆರು ಮೊಟ್ಟೆಗಳ ಹಳದಿಗೆ 100 ಗ್ರಾಂ ಸಕ್ಕರೆ, 50 ಗ್ರಾಂ ಜೇನು ಮತ್ತು ಎರಡು ಚಮಚ ನೀರು ಸೇರಿಸಿ, ಕುದಿಯುವ ನೀರಿನ ಹಬೆಯ ಮೇಲೆ ಪಾತ್ರೆಯಿಟ್ಟು, ಕೈಬಿಡದೆ ಕಡೆಯುತ್ತ 75 ಡಿಗ್ರಿ ಸೆಲ್ಸಿಯಸ್‌ವರೆಗೆ ಬಿಸಿಮಾಡಬೇಕು. ತಿನಿಸು ಮುಂದೆ ಬೇಯುವುದಿಲ್ಲವಾದ್ದರಿಂದ ಮೊಟ್ಟೆಯ ಸುರಕ್ಷತೆಗೆ ಈ ಬಿಸಿ ಅವಶ್ಯ. ಥರ್ಮಾಮೀಟರ್ ಇಲ್ಲದೆ ಅಂದಾಜಿನ ಮೇಲೆ ನಡೆಯಬೇಡಿ. ಬಳಿಕ ಪೂರ್ಣ ತಣಿಯುವವರೆಗೆ ಕಡೆದು, ಹಿಂದಿನ ರಾತ್ರಿಯಿಂದ ಫ್ರಿಜ್ಜಿನಲ್ಲಿಟ್ಟು ನೊರೆಯೆಬ್ಬಿಸಿದ 400 ಗ್ರಾಂ ಗಟ್ಟಿ ತೆಂಗಿನ ಕೆನೆಯನ್ನು ನೊರೆ ಒಡೆಯದಂತೆ ಬೆರೆಸಿ, ಬೆಣ್ಣೆಕಾಗದ ಹಾಸಿದ ಉದ್ದನೆಯ ಬ್ರೆಡ್ ಅಚ್ಚಿಗೆ ಸುರಿದು −18 ಡಿಗ್ರಿಯಲ್ಲಿ ರಾತ್ರಿಯಿಡೀ ಬಿಡಬೇಕು.

ಜೇನಿಗೆ ಇಲ್ಲಿ ಎರಡು ಕೆಲಸಗಳಿವೆ. ರೋಶ್ ಹಶಾನಾದಲ್ಲಿ ವರ್ಷವೆಲ್ಲ ಸಿಹಿಯಾಗಲೆಂದು ಸೇಬನ್ನು ಜೇನಿನಲ್ಲಿ ಅದ್ದಿ ತಿನ್ನುತ್ತಾರೆ, ಹಾಗಾಗಿ ಆ ರುಚಿ ಹಬ್ಬಕ್ಕೆ ಒಪ್ಪುತ್ತದೆ. ಜೊತೆಗೆ, ಜೇನಿನಲ್ಲಿರುವ ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳ ಅಣುಗಳು ಸಕ್ಕರೆಯ ಅಣುವಿಗಿಂತ ಸಣ್ಣವಾದ್ದರಿಂದ, ಅಷ್ಟೇ ತೂಕದಲ್ಲಿ ಅವು ನೀರಿನ ಹೆಪ್ಪುಗಟ್ಟುವ ಬಿಂದುವನ್ನು ಇನ್ನಷ್ಟು ಕೆಳಗಿಳಿಸುತ್ತವೆ. ತೆಂಗಿನ ಕೊಬ್ಬು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುವ ಸ್ವಭಾವದ್ದು. ಜೇನಿಲ್ಲದಿದ್ದರೆ ಇಡೀ ತಿನಿಸು ಚಾಕುವಿಗೆ ಮಣಿಯದಷ್ಟು ಬಿರುಸಾಗುತ್ತದೆ.

ಕೊಳ್ಳುವಾಗ ಪೊಟ್ಟಣದ ಬರಹವನ್ನು ಓದಲೇಬೇಕು. ತೆಂಗಿನಹಾಲಿನ ಪುಡಿಗಳಲ್ಲಿ ಅನೇಕಕ್ಕೆ ಸೋಡಿಯಂ ಕೇಸಿನೇಟ್ ಸೇರಿಸಿರುತ್ತಾರೆ, ಅದು ಹಾಲಿನ ಪ್ರೋಟೀನು. ಕಪ್ಪು ಚಾಕೊಲೇಟಿನಲ್ಲಿಯೂ ಹಾಲಿನ ಅಂಶ ಸೇರಿರಬಹುದು, ಆದ್ದರಿಂದ ಪಾರ್ವೆ ಎಂಬ ಕೋಷರ್ ಮುದ್ರೆಯನ್ನೇ ನಂಬುವುದು ಸರಿ. ಹುಳಿಬರಿಸಿದ ಧಾನ್ಯದ ತಿನಿಸುಗಳನ್ನು ವರ್ಜಿಸುವ ಪೆಸಾಖ್ ಹಬ್ಬದಲ್ಲಿ ಎಚ್ಚರ ಇನ್ನೂ ಹೆಚ್ಚು ಬೇಕು. ಗೋಧಿಯ ಬಿಸ್ಕತ್ತಿನ ತಳ ಸಲ್ಲದು. ಅಶ್ಕೆನಾಜಿ (ಮಧ್ಯ ಮತ್ತು ಪೂರ್ವ ಯುರೋಪಿನ ಮೂಲದ ಯಹೂದಿ) ಸಂಪ್ರದಾಯದವರು ಮೆಕ್ಕೆಜೋಳವನ್ನೂ ಬಿಡುವುದರಿಂದ, ಕಾರ್ನ್‌ಫ್ಲೋರ್ ಬೆರೆತ ಐಸಿಂಗ್ ಸಕ್ಕರೆಯೂ ಆಗದು. ಆಗ ಉಳಿದ ಬಿಳಿ ಲೋಳೆಗೆ ಸಕ್ಕರೆ ಮತ್ತು ಬಾದಾಮಿ ಪುಡಿ ಸೇರಿಸಿ ತೆಳುವಾದ ಮೆರಿಂಗ್ ಬೇಯಿಸಿ, ಅದರ ಮೇಲೆ ಕರಗಿದ ಚಾಕೊಲೇಟ್ ಸವರಿ ತಳಕ್ಕೆ ಬಳಸುತ್ತೇನೆ. ಚಾಕೊಲೇಟ್ ಪದರ ತೇವವನ್ನು ತಡೆಯುವುದರಿಂದ ಮೆರಿಂಗ್ ಗರಿಯಾಗಿಯೇ ಉಳಿಯುತ್ತದೆ. ಹಾಲಿನ ಅಡುಗೆಯೇ ರೂಢಿಯಾಗಿರುವ ಹಬ್ಬವಾದ ಶಾವುವೋತ್‌ನಲ್ಲಿ ಮಾತ್ರ ಈ ಚಿಂತೆಗಳಿಲ್ಲ, ಅಂದಿನ ಊಟ ಹಾಲಿನದಾದರೆ ನಿಜವಾದ ಕೆನೆಯನ್ನೇ ಧಾರಾಳವಾಗಿ ಬಳಸಬಹುದು.

ಶಬ್ಬಾತ್ ಊಟಕ್ಕಾದರೆ, ಮೇಲೆ ಸುರಿಯುವ ದಾಳಿಂಬೆಯ ಸಾಸನ್ನು ಗುರುವಾರವೇ ಕಾಯಿಸಿ ಸೀಸೆಗೆ ತುಂಬಿಡಿ. ಸೆಮಿಫ್ರೆಡೋವನ್ನು ಶುಕ್ರವಾರ ಬೆಳಿಗ್ಗೆ ಬಿಸಿನೀರಿನಲ್ಲಿ ಅದ್ದಿದ ಚಾಕುವಿನಿಂದ ಎರಡು ಸೆಂಟಿಮೀಟರ್ ದಪ್ಪಕ್ಕೆ ಹೋಳು ಮಾಡಿ, ನಡುನಡುವೆ ಬೆಣ್ಣೆಕಾಗದವಿಟ್ಟು ಮರಳಿ ಫ್ರೀಜರಿಗೆ ಸೇರಿಸಿ. ಬಡಿಸುವ ಹದಿನೈದು ನಿಮಿಷ ಮೊದಲು ತಟ್ಟೆಗಳಲ್ಲಿಟ್ಟು ಫ್ರಿಜ್ಜಿಗೆ ವರ್ಗಾಯಿಸಿದರೆ, ಮೇಜಿಗೆ ಬರುವ ಹೊತ್ತಿಗೆ ಚಮಚೆ ಸರಾಗವಾಗಿ ಇಳಿಯುವ ಹದಕ್ಕೆ ಬಂದಿರುತ್ತದೆ.